ಕೊಳೆ ಹೋದುದೆಲ್ಲಿಗೆ?

ಶುಚಿತ್ವವು ಧರ್ಮಜೀವನದ ಮೊದಲ ಮೆಟ್ಟಿಲೆಂಬುದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಅಂಗಳವನ್ನು ಗುಡಿಸಿ, ಪಾತ್ರೆಗಳನ್ನು ಬೆಳಗಿ, ಮಿಂದು ಶುಭ್ರವಸ್ತ್ರವನ್ನು ಧರಿಸಿದ ಬಳಿಕವೇ ಗೃಹಸ್ಥನು ಪೂಜೆಗೆ ಕುಳ್ಳಿರುತ್ತಾನೆ. ಆದರೆ ಶುಚಿ ಮಾಡುವುದೆಂದರೇನು ಎಂದು ಕೇಳಿಕೊಳ್ಳುವವರು ವಿರಳ. ಕೊಳೆಯು ಉಜ್ಜಿದೊಡನೆ ಇಲ್ಲವಾಗುವ ವಸ್ತುವಲ್ಲ. ಬಟ್ಟೆಯ ಕೊಳೆ ನೀರಿಗೆ ಸೇರುತ್ತದೆ. ಆ ನೀರು ಚರಂಡಿಗೆ ಹರಿಯುತ್ತದೆ. ಚರಂಡಿಯು ಕೆರೆಯನ್ನು ಕೂಡುತ್ತದೆ. ಹಾಗಾದರೆ ಒಬ್ಬನ ಶುಚಿತ್ವವು ಇನ್ನೊಬ್ಬನ ಅಶುಚಿಯಾಗಿ ಪರಿಣಮಿಸಿದಾಗ ಅದನ್ನು ಶುಚಿತ್ವವೆಂದು ಕರೆಯಬಹುದೇ? ಈ ಪ್ರಶ್ನೆಯನ್ನು ಗಹನವಾದ ತರ್ಕದಿಂದ ವಿಚಾರಿಸುವುದಕ್ಕಿಂತ, ಮನೆಯ ಬಾಗಿಲಲ್ಲಿಯೇ ನಡೆಯುವ ಒಂದು ಸಾಮಾನ್ಯ ಕೆಲಸವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಮನೆಯ ಮುಂದೆ ನಿಂತ ಕಾರನ್ನು ಕೈಯಾರೆ ತೊಳೆಯುವುದೇ ಆ ಕೆಲಸ.

ಬೆಂಗಳೂರಿನ ಹೊರವಲಯದಲ್ಲಿ ಭಾನುವಾರದ ಮುಂಜಾನೆ ಇದು ಎಲ್ಲೆಲ್ಲಿಯೂ ಕಾಣಸಿಗುವ ದೃಶ್ಯ. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್, 1970ರ ದಶಕದಲ್ಲಿ ರೂಪುಗೊಂಡ ಪೀಣ್ಯದ ಕೈಗಾರಿಕಾ ಪ್ರದೇಶ ಹಾಗೂ ಎಲೆಕ್ಟ್ರಾನಿಕ್ ಸಿಟಿ, ಇವು ಮೂರೂ ಇಂದು ಲಕ್ಷಾಂತರ ಜನರಿಗೆ ಅನ್ನವನ್ನು ನೀಡುತ್ತಿರುವ ಸ್ಥಳಗಳು. ಅಲ್ಲಿಯ ದುಡಿಮೆಗಾರನು ವಾರವೆಲ್ಲ ಧೂಳಿನ ದಾರಿಯಲ್ಲಿ ಓಡಾಡಿ, ರಜೆಯ ದಿನ ಕಾರಿನ ಮುಂದೆ ಬಕೆಟ್ಟು ಬಟ್ಟೆಗಳೊಡನೆ ನಿಲ್ಲುತ್ತಾನೆ. ಹಣ ಕೊಟ್ಟರೆ ಯಂತ್ರದಿಂದ ತೊಳೆದುಕೊಡುವವರು ಹಾದಿಹಾದಿಗೂ ಇರುವಾಗ ತನ್ನ ಕೈಯಿಂದಲೇ ತೊಳೆಯುವೆನೆಂಬುದು ಮೆಚ್ಚತಕ್ಕ ಸಂಗತಿಯೇ ಸರಿ.

ಆ ಕೆಲಸಕ್ಕೂ ಒಂದು ಕ್ರಮವಿದೆ. ಬಿಸಿಲಲ್ಲಿ ತೊಳೆಯಬಾರದು, ಸಾಬೂನಿನ ನೀರು ಒರೆಸುವ ಮುನ್ನವೇ ಆರಿ ಕಲೆಯಾಗಿ ನಿಲ್ಲುತ್ತದೆ. ಒಣಧೂಳಿನ ಮೇಲೆ ಬಟ್ಟೆಯನ್ನು ಎಳೆಯಬಾರದು. ಮರಳಿನ ಕಣವೊಂದೊಂದೂ ಉಳಿಯಾಗಿ ಬಣ್ಣವನ್ನು ಕೆರೆಯುತ್ತದೆ. ಮೊದಲು ಧೂಳನ್ನು ನೆನೆಸಿ ಇಳಿಸಿ, ಬಳಿಕ ಛಾವಣಿಯಿಂದ ಪ್ರಾರಂಭಿಸಿ ಕೆಳಗೆ ಬರಬೇಕು. ಗಾಲಿಗಳ ಸರದಿ ಕಟ್ಟಕಡೆಗೆ. ಬಲ್ಲವರು ಎರಡು ಬಕೆಟ್ಟುಗಳನ್ನು ಇಟ್ಟುಕೊಳ್ಳುತ್ತಾರೆ. ಒಂದರಲ್ಲಿ ಸಾಬೂನಿನ ನೀರು. ಇನ್ನೊಂದರಲ್ಲಿ ಬಟ್ಟೆಗೆ ಹತ್ತಿದ ಕೊಳೆಯನ್ನು ಜಾಲಿಸಿಕೊಳ್ಳುವ ಬರಿಯ ನೀರು. ಒಂದೇ ಬಕೆಟ್ಟಿನಲ್ಲಿ ಅದ್ದುತ್ತಿದ್ದರೆ ತೆಗೆದ ಕೊಳೆಯೇ ಮತ್ತೆ ಕಾರಿನ ಮೈಗೆ ಹತ್ತುತ್ತದೆ. ಪಾತ್ರೆ ತೊಳೆಯುವ ಸಾಬೂನು ಮೇಣದ ಹೊದಿಕೆಯನ್ನೇ ಕಿತ್ತುಬಿಡುವುದರಿಂದ ಸೌಮ್ಯವಾದ ಸಾಬೂನನ್ನೇ ಬಳಸಬೇಕು. ಹೊರವಲಯದ ಕೊಳವೆಬಾವಿಗಳ ಗಡಸುನೀರು ತಾನಾಗಿ ಆರಿದರೆ ಸುಣ್ಣದ ಬಿಳಿಚುಕ್ಕೆಗಳು ಉಳಿಯುತ್ತವೆ. ಆದುದರಿಂದ ಒಡನೆಯೇ ಒರೆಸತಕ್ಕದ್ದು. ಹೀಗೆ ಒಂದು ಗಂಟೆ ದುಡಿದವನಿಗೆ ತನ್ನ ಕಾರಿನ ಒಂದೊಂದು ಗೀರಿನ ಪರಿಚಯವೂ ಆಗುತ್ತದೆ. ಕೊಳೆಯು ತೊಳೆಯುವ ಬಟ್ಟೆಯಿಂದಲೇ ಹಿಂದಿರುಗಬಲ್ಲದೆಂಬ ಎರಡು ಬಕೆಟ್ಟುಗಳ ಪಾಠವಂತೂ ಕಾರಿಗಷ್ಟೇ ಸಲ್ಲತಕ್ಕುದಲ್ಲ.

ಈ ಕೆಲಸವನ್ನು ಕಾಯಕವೆನ್ನಬಹುದೇ? ಮೈಮುರಿದು ಮಾಡಿದುದೆಲ್ಲವೂ ಕಾಯಕವಾಗದು. ಶರಣರ ದೃಷ್ಟಿಯಲ್ಲಿ ಕಾಯಕವು ಸತ್ಯಶುದ್ಧವಾಗಿರಬೇಕು, ಲೋಕಕ್ಕೆ ಉಪಕಾರಿಯಾಗಿರಬೇಕು, ಮಾಡಿದವನಲ್ಲಿ ಅಹಂಕಾರವನ್ನು ಬೆಳೆಸದಂತಿರಬೇಕು. ಹಿಪ್ಪರಗಿಯ ಮಡಿವಾಳ ಮಾಚಯ್ಯನವರು ಶರಣರ ಬಟ್ಟೆಗಳನ್ನು ಒಗೆಯುವುದನ್ನು ಕಾಯಕವಾಗಿ ಕೈಕೊಂಡರು. ದುಡಿಯದೆ ಉಣ್ಣುವವರ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲವೆಂಬುದು ಪರಂಪರೆಯಿಂದ ಬಂದ ಮಾತು. ಅವರಿಗೆ ಬಟ್ಟೆಯ ಬೆಳ್ಪಿಗಿಂತ ಅದನ್ನು ಉಟ್ಟವರ ಬಾಳಿನ ಬೆಳ್ಪು ಹಿರಿದಾಗಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿದೊಡನೆ ಲೇತಿನ ಲೋಹದ ಸಿಬಿರುಗಳನ್ನು ಕುಂಚದಿಂದ ತೆಗೆದು, ಹಾಸನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿ ಹೊರಡುವ ಕೆಲಸಗಾರನನ್ನು ನೋಡಬೇಕು. ಮರುದಿನ ಬೆಳಿಗ್ಗೆ ಆ ಯಂತ್ರದ ಮುಂದೆ ನಿಲ್ಲುವವನು ಬೇರೊಬ್ಬನು. ಬರುವವನಿಗಾಗಿ ಶುಚಿ ಮಾಡಿ ಹೋಗುವುದೇ ಅಲ್ಲಿ ಕಾಯಕದ ಗುರುತು. ಕಾರೂ ದುಡಿಮೆಗೆ ಕರೆದೊಯ್ಯುವ ಉಪಕರಣವಾಗಿರುವಷ್ಟು ಕಾಲ ಅದರ ಆರೈಕೆಯು ಕಾಯಕದ ಅಂಗವೇ ಆಗಿರುತ್ತದೆ. ನೆರೆಯವನ ಕಾರಿಗಿಂತ ತನ್ನದು ಹೆಚ್ಚು ಹೊಳೆಯಲೆಂಬ ಆಸೆ ಹೊಕ್ಕ ಗಳಿಗೆಯಲ್ಲಿ ಅದೇ ಕೈ, ಅದೇ ಬಟ್ಟೆ ಮದದ ಸೇವೆಗೆ ನಿಲ್ಲುತ್ತವೆ.

ಆಯುಧಪೂಜೆಯ ದಿನ ಇದರ ಇನ್ನೊಂದು ಮುಖವು ಗೋಚರಿಸುತ್ತದೆ. ಅಂದು ಪೀಣ್ಯದಲ್ಲಿ ಯಂತ್ರಗಳೂ ಬಡಾವಣೆಗಳಲ್ಲಿ ವಾಹನಗಳೂ ಮಿಂದು ಹೂಮುಡಿದು ನಿಲ್ಲುತ್ತವೆ. ಗಾಲಿಗಳ ಕೆಳಗೆ ನಿಂಬೆಹಣ್ಣು. ರಸ್ತೆಯ ನಡುವೆ ಕುಂಕುಮ ತುಂಬಿ ಒಡೆದ ಬೂದುಗುಂಬಳಕಾಯಿ. ಪೂಜೆ ಮುಗಿದು ಕಾರು ಹೊರಟುಹೋಗುತ್ತದೆ. ಕುಂಬಳದ ಹೋಳು ಮಾತ್ರ ಅಲ್ಲಿಯೇ ಉಳಿಯುತ್ತದೆ. ಅದರ ಮೇಲೆ ದ್ವಿಚಕ್ರವಾಹನದ ಸವಾರನು ಜಾರಿ ಬೀಳಬಹುದು. ಕೊನೆಗೆ ಪೌರಕಾರ್ಮಿಕಳು ಬಾಗಿ ಅದನ್ನು ಬಳಿಯಬೇಕು. ತನ್ನ ವಾಹನಕ್ಕೆ ತಗುಲಿದ ದೃಷ್ಟಿಯನ್ನು ನಿವಾಳಿಸಿ ಬೇರೊಬ್ಬನ ಗಾಲಿಗೆ ಅಪಾಯವನ್ನು ಒಡ್ಡಿದವನಿಗೆ ಪೂಜೆಯ ಫಲವೆಲ್ಲಿಯದು?

ಇನ್ನು ನೀರಿನ ವಿಚಾರ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯವು ಕಂಡ ಬವಣೆಯನ್ನು ಅಲ್ಲಿಯವರು ಮರೆಯಲಾರರು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಆಗಿನ್ನೂ ಕಾವೇರಿ ನೀರು ಪೂರ್ಣವಾಗಿ ತಲುಪಿರಲಿಲ್ಲ, ಕೊಳವೆಬಾವಿಗಳು ಬತ್ತಿದುವು, ಟ್ಯಾಂಕರುಗಳ ಮುಂದೆ ಕೊಡಗಳ ಸಾಲು ಬೆಳೆಯಿತು. ಆ ವರ್ಷದ ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನಗಳನ್ನು ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿಗಳ ದಂಡವನ್ನು ವಿಧಿಸಿತು. ಕೆಲವೇ ದಿನಗಳಲ್ಲಿ 22 ಮನೆಗಳವರು ಒಟ್ಟು 1,10,000 ರೂಪಾಯಿ ದಂಡ ತೆತ್ತರು. 2025ರ ಫೆಬ್ರುವರಿಯಲ್ಲಿ ಅಂಥದೇ ಆಜ್ಞೆ ಮತ್ತೊಮ್ಮೆ ಹೊರಟಿತು. ಅದಕ್ಕೆ ಮುನ್ನ, 2024ರ ಅಕ್ಟೋಬರಿನಲ್ಲಿ, ದಿನಕ್ಕೆ 77.5 ಕೋಟಿ ಲೀಟರು ನೀರನ್ನು ತರತಕ್ಕ ಕಾವೇರಿ ಐದನೆಯ ಹಂತವು ಪ್ರಾರಂಭವಾಗಿತ್ತು. ಆ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಮೇಲೇರಿ, ಸುಮಾರು 100 ಕಿಲೋಮೀಟರು ದೂರವನ್ನು ಕ್ರಮಿಸಿ ಬರುತ್ತದೆ.

ಲೆಕ್ಕವನ್ನು ಹಾಕಿ ನೋಡಬಹುದು. ನಿಮಿಷಕ್ಕೆ 10 ಲೀಟರಿನಂತೆ ಹರಿಯುವ ಕೊಳವೆಯನ್ನು ಕಾಲುಗಂಟೆ ಬಿಟ್ಟರೆ 150 ಲೀಟರು. ನಗರವಾಸಿಯೊಬ್ಬನ ಒಂದು ದಿನದ ಎಲ್ಲ ಅಗತ್ಯಗಳಿಗೂ ಈ ದೇಶದಲ್ಲಿ ಗೊತ್ತುಪಡಿಸಿರುವ ಪ್ರಮಾಣವೇ 135 ಲೀಟರು. ಅದೇ ಮಾರ್ಚಿಯಲ್ಲಿ ಜಿಲ್ಲಾಡಳಿತವು 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 1,000 ರೂಪಾಯಿ ಬೆಲೆ ಕಟ್ಟಿತ್ತು. ಆ ದರದಲ್ಲಿ 150 ಲೀಟರಿಗೆ ಬೀಳುವುದು ಹನ್ನೆರಡೂವರೆ ರೂಪಾಯಿ ಮಾತ್ರ. ಹನ್ನೆರಡೂವರೆ ರೂಪಾಯಿಯನ್ನು ಕೊಡಬಲ್ಲೆನೆಂಬುದು ಒಬ್ಬ ಮನುಷ್ಯನ ಒಂದು ದಿನದ ನೀರನ್ನು ರಸ್ತೆಗೆ ಚೆಲ್ಲುವ ಅಧಿಕಾರವಾಗಬಲ್ಲದೇ? ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಮಿಕ್ಕುದನ್ನು ಹಿಂದಿರುಗಿಸಿ ಬರುವಂತೆ ಹೇಳಿದರೆಂಬ ಕಥೆ ಮನೆಮನೆಗೂ ತಿಳಿದಿದೆ. ಆ ಅಕ್ಕಿಯನ್ನು ಯಾರಿಂದಲೂ ಕದ್ದಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿತ್ತೆಂಬುದೇ ಅದರ ದೋಷ. ಎರಡು ಬಕೆಟ್ಟು ನೀರಿನಲ್ಲಿ ಆಗುವ ಕೆಲಸಕ್ಕೆ ಹತ್ತು ಬಕೆಟ್ಟು ನೀರನ್ನು ಹರಿಸುವವನು ಈ ಕಥೆಯನ್ನು ನೆನೆಯತಕ್ಕದ್ದು. ಅಕ್ಕಿಯನ್ನು ಹಿಂದಿರುಗಿಸಬಹುದಾಗಿತ್ತು, ಚೆಲ್ಲಿದ ನೀರನ್ನು ಹಿಂದಿರುಗಿಸಲು ಲಕ್ಕಮ್ಮನವರಿಗೂ ಸಾಧ್ಯವಿಲ್ಲ.

ಹಾಗೆ ಹರಿದ ನೀರು ಎಲ್ಲಿಗೆ ಹೋಯಿತು? ವೈಟ್‌ಫೀಲ್ಡಿನ ಕಡೆಯವರಿಗೆ ಇದರ ಉತ್ತರವು ಕಣ್ಣೆದುರಿಗೇ ಬಂದು ನಿಂತಿತ್ತು. ನಗರದ ರಾಜಕಾಲುವೆಗಳು ಬೆಳ್ಳಂದೂರು ಕೆರೆಯನ್ನೂ ಅಲ್ಲಿಂದ ವರ್ತೂರು ಕೆರೆಯನ್ನೂ ತುಂಬಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತವೆ. 2015ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಆ ಕೆರೆಗಳ ಕೋಡಿಯಲ್ಲಿ ಬಿಳಿಯ ನೊರೆ ಆಳೆತ್ತರಕ್ಕೆ ಏಳುತ್ತಿತ್ತು. ಗಾಳಿ ಬೀಸಿದಾಗ ಅದು ತೇಲಿಬಂದು ರಸ್ತೆಯ ಮೇಲೆ ಹೋಗುವವರ ಮುಖದ ಮೇಲೂ ಕಾರುಗಳ ಗಾಜಿನ ಮೇಲೂ ಕೂರುತ್ತಿತ್ತು. ಶುದ್ಧೀಕರಿಸದೆ ಬಿಟ್ಟ ಕೊಳಚೆಯೂ ಮನೆಮನೆಯ ಸಾಬೂನಿನ ದ್ರವ್ಯಗಳೂ ಅದಕ್ಕೆ ಕಾರಣವಾಗಿದ್ದುವು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಮುಂದೆ ಹೂಳೆತ್ತುವ ಕಾರ್ಯವು ನಡೆಯಿತೆಂಬುದು ನಿಜ. ಆದರೆ ಆ ನೊರೆಯ ಪಾಠವನ್ನು ಮರೆಯಲಾಗದು. ಮನೆಯ ಮುಂದೆ ತೊಳೆದುಬಿಟ್ಟ ನೊರೆಯು ದಾರಿಯಲ್ಲಿ ತೊಳೆದವನನ್ನೇ ಹುಡುಕಿಕೊಂಡು ಬಂದಿತ್ತು.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜ. ಊರಿನ ಕೊಳಚೆಯೆಲ್ಲ ಕೆರೆಗೆ ಹರಿಯುತ್ತಿರುವಾಗ ಒಬ್ಬನ ಬಕೆಟ್ಟಿನ ಸಾಬೂನು ಎಷ್ಟರದು? ಒಬ್ಬನು ನಿಲ್ಲಿಸಿದರೆ ಕೆರೆಯು ಉಳಿಯುವುದೇ? ಉಳಿಯದು ಎಂದೇ ಉತ್ತರಿಸಬೇಕು. ಕೆರೆಯನ್ನು ಉಳಿಸುವುದು ಒಬ್ಬನ ಬಕೆಟ್ಟಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಆಡಳಿತವೂ ಶುದ್ಧೀಕರಣದ ಘಟಕಗಳೂ ಬೇಕು. ಆದರೆ ಒಬ್ಬನ ಸುಳ್ಳಿನಿಂದ ಲೋಕವು ಕೆಡುವುದಿಲ್ಲವೆಂದು ಸುಳ್ಳಾಡಲು ಯಾರಿಗೂ ಅನುಮತಿಯಿಲ್ಲ. ಫಲವು ಅಲ್ಪವೆಂಬುದು ದೋಷಕ್ಕೆ ಸಮರ್ಥನೆಯಾಗದು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಬಹುಮಹಡಿಯ ವಸತಿಗಳಲ್ಲಿ ಬೆಳಗಿನ ಜಾವಕ್ಕೆ ಎದ್ದು ಬಂದು ಹತ್ತಾರು ಕಾರುಗಳನ್ನು ಒರೆಸಿ ಜೀವಿಸುವವರಿದ್ದಾರೆ. ರಾಯಚೂರು, ಯಾದಗಿರಿಗಳ ಕಡೆಯಿಂದ ದುಡಿಮೆಯನ್ನು ಅರಸಿ ಬಂದವರೂ ಅವರಲ್ಲಿ ಉಂಟು. ಪ್ರತಿಯೊಬ್ಬನೂ ತನ್ನ ಕಾರನ್ನು ತಾನೇ ತೊಳೆಯುವುದಾದರೆ ಅವರ ಅನ್ನದ ಗತಿಯೇನು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇನ್ನೊಬ್ಬನಿಂದ ಕೆಲಸ ಮಾಡಿಸಿಕೊಳ್ಳುವುದು ದೋಷವಲ್ಲ. ಮಾಡುವವನನ್ನು ಕೊಳೆಯೊಡನೆ ಸೇರಿಸಿ ನೋಡುವುದು ದೋಷ. ಶಿವಮನೆಯ ಅಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನವರು ದಾರಿಯಲ್ಲಿ ಬಿದ್ದ ಪರಧನವನ್ನು ಮುಟ್ಟೆನೆಂಬ ನೇಮದವರು. ಕಾರನ್ನು ಒರೆಸುವವನ ಕೈಗೆ ಆಸನದ ಸಂದಿಯಲ್ಲಿ ಬಿದ್ದ ನಾಣ್ಯಗಳು ಸಿಗುತ್ತವೆ. ಅವನು ಅವನ್ನು ಎತ್ತಿ ಕಾಣುವಂತೆ ಮುಂದಿಟ್ಟು ಹೋದರೆ ಸತ್ಯಕ್ಕನವರ ನೇಮವು ಅಲ್ಲಿ ಜೀವಂತವಾಗಿರುತ್ತದೆ. ಆದರೆ ಪರೀಕ್ಷೆಯು ಅವನೊಬ್ಬನಿಗೇ ಅಲ್ಲ. ಆ ಕಾರಿನ ಒಡೆಯನು ತಿಂಗಳ ಕೂಲಿಯನ್ನು ತಡೆಯದೆ ಕೊಟ್ಟನೇ, ತಣ್ಣೀರಿನಲ್ಲಿ ಬಿರಿದ ಆ ಬೆರಳುಗಳನ್ನು ಒಮ್ಮೆಯಾದರೂ ನೋಡಿದನೇ, ಹೆಸರು ಹಿಡಿದು ಕರೆದನೇ ಎಂಬುದೂ ಪರೀಕ್ಷೆಯೇ. ತನ್ನ ಕೈಯಿಂದ ಕೆಲವು ಸಲವಾದರೂ ಕಾರನ್ನು ತೊಳೆದವನಿಗೆ ಆ ಕೂಲಿಯ ಬೆಲೆ ತಿಳಿದಿರುತ್ತದೆ. ಎಂದೂ ತೊಳೆಯದವನಿಗೆ ಅದು ಬರಿಯ ಅಂಕಿ. ಸ್ವಹಸ್ತದ ಕೆಲಸವು ಮುಖ್ಯವಾಗಿ ಈ ಕಾರಣಕ್ಕಾಗಿ ಬೇಕು.

ಆದುದರಿಂದ ವಿವೇಕಿಯಾದ ಗೃಹಸ್ಥನ ಮಾರ್ಗವು ಸ್ಪಷ್ಟವಾಗಿದೆ. ಧೂಳು ಅಲ್ಪವಿದ್ದ ದಿನ ಧೂಳನ್ನು ನೆನೆಸಿ ಒದ್ದೆಯ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು; ಮಳೆಯ ನೀರನ್ನೋ ಶುದ್ಧೀಕರಿಸಿದ ನೀರನ್ನೋ ಬಳಸುವುದು ಲೇಸು. ಕೊಳವೆಯನ್ನು ಬಿಟ್ಟು ಬಕೆಟ್ಟನ್ನು ಹಿಡಿಯಬೇಕು. ಸಾಬೂನಿನ ನೀರನ್ನು ರಸ್ತೆಗೆ ಹರಿಸದೆ, ಶುದ್ಧೀಕರಣ ಘಟಕಕ್ಕೆ ಹೋಗುವ ಒಳಚರಂಡಿಗೆ ಸುರಿಯಬೇಕು. ಹೊಳಪಿಗೆ ಒಂದು ಮಿತಿಯನ್ನು ತಾನೇ ಹಾಕಿಕೊಳ್ಳಬೇಕು. ಕಾರನ್ನು ತೊಳೆದ ಬಳಿಕ ಅದರ ಮೈಯಲ್ಲಿ ತನ್ನ ಮುಖವನ್ನು ನೋಡಿಕೊಂಡು ಹಿಗ್ಗುವುದು ಎಲ್ಲರಿಗೂ ರೂಢಿಯಾಗಿದೆ. ಹಿಗ್ಗುವ ಮುನ್ನ ಒಂದು ಗಳಿಗೆ ತಲೆಬಾಗಿಸಿ, ಕಾಲ ಕೆಳಗೆ ಹರಿಯುತ್ತಿರುವ ನೀರು ಯಾರ ಬಾಗಿಲ ಕಡೆಗೆ ಹೋಗುತ್ತಿದೆಯೆಂಬುದನ್ನೂ ನೋಡತಕ್ಕದ್ದು. ಆ ಬಾಗಿಲಿನವರೂ ಈ ದಿನ ಅಂಗಳವನ್ನು ಗುಡಿಸಿ ಪೂಜೆಗೆ ಕುಳ್ಳಿರುವವರೇ.