ಗೋಗ್ರಾಸವೂ ತವುಡೂ

ಊಟಕ್ಕೆ ಕೂರುವ ಮುನ್ನ ಮೊದಲ ತುತ್ತನ್ನು ಹಸುವಿಗೆಂದು ತೆಗೆದಿಡುವುದು ಗೋಗ್ರಾಸ. ಅದೇ ಹಸುವಿನ ಬಾನಿಗೆ ದಿನವೂ ಬೀಳುವುದು ಮಾತ್ರ ಕಲಗಚ್ಚು, ಅಕ್ಕಿ ಗಿರಣಿಯ ತವುಡು, ಗಾಣದ ಹಿಂಡಿ, ಬೂಸಾ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಭತ್ತ, ಕಬ್ಬು, ಕೆ.ಆರ್. ಪೇಟೆ, ನಾಗಮಂಗಲದ ಕಡೆ ರಾಗಿ, ತೆಂಗು. ಬೆಳೆ ಯಾವುದಾದರೂ ತಿರುಳು ನಮಗೆ, ಹುಲ್ಲು ಹೊಟ್ಟು ದನಕ್ಕೆ. ಕೈಮುಗಿಯುವ ಪ್ರಾಣಿಗೆ ಮಿಕ್ಕಿದ್ದನ್ನು ಉಣಿಸುವುದು ಧರ್ಮವೇ? ಕಠೋಪನಿಷತ್ತಿನ ನಚಿಕೇತನ ಮನಸ್ಸು ಕಲಕಿದ್ದು ತಂದೆ ಕೈಲಾಗದ ಮುದಿ ಹಸುಗಳನ್ನು ದಾನ ಮಾಡುತ್ತಿದ್ದುದನ್ನು ಕಂಡಾಗ. ನಮಗೆ ಬೇಡವಾದ ಹಸುವನ್ನು ಕೊಡುವುದು ತಪ್ಪಾದರೆ, ನಮಗೆ ಬೇಡವಾದದ್ದನ್ನು ಹಸುವಿಗೆ ಕೊಡುವುದು ಹೇಗೆ ಸರಿ?

ಈ ಪ್ರಶ್ನೆ ಕೊಡುವವರ ಕಡೆ ನಿಂತು ಕೇಳಿದ್ದು. ತಿನ್ನುವ ಹೊಟ್ಟೆಯ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆ. ದೊಡ್ಡ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ನಮಗೆ ಅರಗದ ನಾರನ್ನೂ ಒಡೆದು ಅರಗಿಸಿಕೊಡುತ್ತವೆ. ಅದೇ ಹೊಟ್ಟೆಗೆ ಮದುವೆಮನೆಯಲ್ಲಿ ಉಳಿದ ಅನ್ನ, ಪಾಯಸ, ಹೋಳಿಗೆಯನ್ನು ಬಕೆಟ್ಟುಗಟ್ಟಲೆ ಸುರಿದರೆ ಪಿಷ್ಟವೆಲ್ಲ ಬೇಗ ಹುಳಿಯಾಗಿ, ಹಸು ಮೇವು ಬಿಟ್ಟು ನೆಲ ಹಿಡಿಯುತ್ತದೆ, ಸಾಯಲೂಬಹುದು. ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಕರ್ಮ ಮುಗಿಸಿದವರು ಹಸುವಿನ ಬಾಯಿಗಿಡುವ ಒಂದು ಪಿಂಡದಿಂದ ಕೇಡಿಲ್ಲ. ಪುಣ್ಯದ ಆಸೆ ಬಕೆಟ್ಟಿನ ಅಳತೆಗೆ ಬೆಳೆದಾಗಲೇ ಅಪಾಯ. ಮಡಿಯಲ್ಲಿ ಬೆಂದ ಅನ್ನವೆಂದು ಹೊಟ್ಟೆ ರಿಯಾಯಿತಿ ತೋರುವುದಿಲ್ಲ. ಮಿಕ್ಕಿದ್ದು ಎಂಜಲೆಂಬ ಆಕ್ಷೇಪವೂ ನಿಲ್ಲುವುದಿಲ್ಲ: ತವುಡನ್ನು ಯಾರೂ ಬಾಯಿಗಿಟ್ಟು ಬಿಟ್ಟದ್ದಲ್ಲ, ಒಂದೇ ಕಾಳಿನಲ್ಲಿ ಅದು ದನದ ಪಾಲು. ಅಥರ್ವವೇದದಲ್ಲಂತೂ ಯಜ್ಞದಲ್ಲಿ ಉಳಿದದ್ದನ್ನೇ ಜಗತ್ತಿನ ಆಧಾರವೆಂದು ಹೊಗಳುವ ಸೂಕ್ತವಿದೆ.

ಹಾಗಾದರೆ ಕಾರ್ಖಾನೆ ಬಿಟ್ಟದ್ದನ್ನೆಲ್ಲ ದನಕ್ಕೆ ಹಾಕಬಹುದೇ? ಬ್ರಿಟನ್ನಿನಲ್ಲಿ ಹಾಗೆ ಮಾಡಿ ನೋಡಿದರು. ಕಸಾಯಿಖಾನೆಯ ಮಾಂಸ, ಮೂಳೆಗಳ ಪುಡಿಯನ್ನು ಹುಲ್ಲು ಮೇಯುವ ಪ್ರಾಣಿಗೆ ತಿನ್ನಿಸಿದರು. 1986ರಲ್ಲಿ ಹುಚ್ಚು ಹಸು ರೋಗ ಗುರುತಿಗೆ ಬಂತು, 1988ರಲ್ಲಿ ಆ ಮೇವನ್ನು ನಿಷೇಧಿಸಬೇಕಾಯಿತು. ನಮ್ಮಲ್ಲಿ ಕೇಡು ಇಷ್ಟು ದೊಡ್ಡ ಸದ್ದು ಮಾಡುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಅಂಥ ಹಿಂಡಿಯಿಂದಲೇ. ಹಸು ತಿಂದರೆ ಆ ವಿಷ ರೂಪ ಬದಲಿಸಿಕೊಂಡು ಹಾಲಿಗೂ, ಅಲ್ಲಿಂದ ಅಭಿಷೇಕದ ಬಿಂದಿಗೆಗೂ ಇಳಿಯುತ್ತದೆ. ಕಬ್ಬಿನ ಸೋಗೆ ಹಸಿರಾಗಿಯೇ ಇರುತ್ತದೆ, ಆದರೆ ಬರೀ ಅದನ್ನೇ ಹಾಕಿದರೆ ಅದರೊಳಗಿನ ಆಕ್ಸಲೇಟು ಸುಣ್ಣದಂಶವನ್ನು ಹಸುವಿನ ಮೈಗೆ ದಕ್ಕದಂತೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಉಳಿಕೆ ಎಂಬುದರಲ್ಲಿ ಪಾಪವಿಲ್ಲ. ಕೆಟ್ಟಿದೆ ಎಂದು ತಿಳಿದೂ ದಾಟಿಸುವುದರಲ್ಲಿದೆ. ನಚಿಕೇತನ ತಕರಾರು ತಾಗುವುದು ಅಲ್ಲಿಗೇ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಹಾಲಿಗಾಗಿ, ಮಾಂಸಕ್ಕಾಗಿ ಹಾಕುವ ಮೇವಿನಲ್ಲಿ ಧರ್ಮದ ಮಾತೇಕೆ, ಅದು ವ್ಯಾಪಾರ. ವ್ಯಾಪಾರ ಹೌದು. ಅದಕ್ಕೇ ಕುರಿಯನ್ನು ನೋಡಬೇಕು. ಮಂಡ್ಯ ಸೀಮೆಯ ಬಂಡೂರು ಕುರಿ ಹೆಸರಾದದ್ದು ಮಾಂಸದ ರುಚಿಗೆ. ಅದಕ್ಕೆ ಗೋಗ್ರಾಸದಂಥ ಮೀಸಲು ತುತ್ತಿಲ್ಲ. ಹೇಗೂ ಕಡಿಯುವ ಕುರಿ ಎಂದು ಮುಗ್ಗಿದ ಹಿಂಡಿ ಸುರಿಯುವವರ ಕೈಯನ್ನು ಪೂಜೆಯ ಭಾವ ಹಿಡಿಯುವುದಿಲ್ಲ. ಆದರೆ ಅದರ ಹೊಟ್ಟೆಗೂ ನಾಲ್ಕೇ ಕೋಣೆ, ನೋವೂ ಹಸುವಿನದ್ದಕ್ಕಿಂತ ಅಗ್ಗವಲ್ಲ. ಮುಗ್ಗಿದ ಹಿಂಡಿ ತಿಪ್ಪೆಗೆ ಹೋಗಲಿ. ಆ ನಷ್ಟ ಸಾಕಿದವರದ್ದು, ಕುರಿಯದ್ದಲ್ಲ.