ಬಚ್ಚಲ ಕಂಡಿಯೂ ಗೃಹಸ್ಥನ ಕೈಯೂ

ಮನೆಯ ಭಾಗಗಳಲ್ಲಿ ದೇವರ ಕೋಣೆಗೂ ಅಡುಗೆಮನೆಗೂ ಸಲ್ಲುವ ಗೌರವವು ಬಚ್ಚಲುಮನೆಗೆ ಎಂದೂ ಸಂದಿಲ್ಲ. ದಿನದ ಶುದ್ಧಿಯೆಲ್ಲವೂ ಅಲ್ಲಿಂದಲೇ ಆರಂಭವಾಗತಕ್ಕದ್ದಾದರೂ, ಆ ಶುದ್ಧಿಯ ಶೇಷವು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ. ನೀರು ಸಲೀಸಾಗಿ ಇಳಿಯುತ್ತಿರುವವರೆಗೂ ಪ್ರಶ್ನೆಯೇ ಹುಟ್ಟದು. ಒಂದು ಬೆಳಗ್ಗೆ ಮೈ ತೊಳೆದ ನೀರು ಕಾಲಬುಡದಲ್ಲಿಯೇ ನಿಂತು, ಹಿಮ್ಮಡಿಯನ್ನು ಮುಳುಗಿಸಿ, ಹೊಸ್ತಿಲ ಕಡೆಗೆ ಸರಿಯತೊಡಗಿದಾಗ ಮಾತ್ರ ಗೃಹಸ್ಥನು ಬಗ್ಗಿ ನೋಡುತ್ತಾನೆ. ಕಟ್ಟಿಕೊಂಡಿರುವುದು ಏನು? ಅದನ್ನು ತೆಗೆಯತಕ್ಕವರು ಯಾರು?

ಮೊದಲನೆಯದಕ್ಕೆ ಉತ್ತರ ಕಷ್ಟವಲ್ಲ. ಬರಿಯ ಕೂದಲು ನೀರನ್ನು ಬೇಗ ತಡೆಯದು. ಬರಿಯ ಸಾಬೂನೂ ತಡೆಯದು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ, ಕರಗದ ಬಿಳಿಯ ಗಸಿಯಾಗುತ್ತದೆ. ಆ ಗಸಿಯೂ ತಲೆಗೆ ಹಚ್ಚಿದ ಎಣ್ಣೆಯ ಜಿಡ್ಡೂ ಕೂದಲಿಗೆ ಮೆತ್ತಿಕೊಂಡು, ಕೆಲವು ತಿಂಗಳುಗಳಲ್ಲಿ ನಾರಿನಂತಹ ಒಂದು ಮುದ್ದೆ ಬೆಳೆಯುತ್ತದೆ. ಅದು ನಿಲ್ಲುವ ಸ್ಥಳವೂ ಗೊತ್ತಾದದ್ದೇ. ಕಂಡಿಯ ಜಾಲರಿಯ ಕೆಳಗೆ, ಕೊಳಾಯಿ ಕೆಲಸದವರು ನಹಾನಿ ಟ್ರ್ಯಾಪ್ ಎಂದು ಕರೆಯುವ ಬಟ್ಟಲಿನಲ್ಲಿ, ಸುಮಾರು ಎರಡು ಅಂಗುಲದಷ್ಟು ನೀರು ಸದಾ ನಿಂತಿರುತ್ತದೆ. ಚರಂಡಿಯ ದುರ್ವಾಯುವು ಮನೆಯೊಳಕ್ಕೆ ಏರದಂತೆ ಕಾಯುವುದು ಆ ನಿಂತ ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗನು ಪೇಟೆಂಟು ಪಡೆದ ಬಾಗುಗೊಳವೆಯ ತತ್ತ್ವವೂ ಇದೇ. ಗಾಳಿಯನ್ನು ತಡೆಯಲೆಂದು ಮಾಡಿದ ಈ ಏರ್ಪಾಡು ಕೂದಲನ್ನೂ ತಡೆಹಿಡಿಯುತ್ತದೆ. ಆದುದರಿಂದ ಬಚ್ಚಲಿನ ಕಟ್ಟು ಬಹುಮಟ್ಟಿಗೆ ಗೃಹಸ್ಥನ ಕೈಗೆಟುಕುವಷ್ಟು ಸಮೀಪದಲ್ಲಿಯೇ ಇರುತ್ತದೆ. ಮುಂದಿನ ವಿಚಾರಕ್ಕೆ ಈ ಸಂಗತಿ ಅಗತ್ಯವಾದುದು.

ಬೆಂಗಳೂರಿನ ಕಮ್ಮನಹಳ್ಳಿಯಂಥ ಕಡೆ ಇದು ದಿನನಿತ್ಯದ ವಿಷಯ. ಹಳೆಯ ಹಳ್ಳಿಯನ್ನು ನಗರವು ಸುತ್ತುವರಿದು, ಒಂದೊಂದು ಕಿರಿದಾದ ನಿವೇಶನದಲ್ಲಿಯೂ ಕೆಳಗೆ ಮಾಲೀಕರು, ಮೇಲೆ ಎರಡು ಮೂರು ಅಂತಸ್ತುಗಳಲ್ಲಿ ಬಾಡಿಗೆದಾರರು ವಾಸವಾಗಿದ್ದಾರೆ. ಕನ್ನಡ, ತಮಿಳು, ತೆಲುಗು, ಮಲೆಯಾಳಗಳನ್ನಾಡುವ ಮನೆಗಳ ನೀರೆಲ್ಲ ಒಂದೇ ಇಳಿಗೊಳವೆಯಲ್ಲಿ ಕೂಡುತ್ತದೆ. ಮೇಲಿನವರು ಕೆಳಕ್ಕೆ ತಳ್ಳಿದ್ದು ಕೆಳಗಿನವರ ಬಚ್ಚಲಿನಲ್ಲಿ ಮೇಲೇಳುವುದೂ, ಅದರಿಂದ ನೆರೆಹೊರೆಯಲ್ಲಿ ಮಾತು ಬೆಳೆಯುವುದೂ ಅಪರೂಪವಲ್ಲ. ಕಟ್ಟು ಕಂಡೊಡನೆ ಅಂಗಡಿಯಿಂದ ಆಸಿಡ್ಡಿನ ಸೀಸೆಯನ್ನು ತಂದು ಸುರಿಯುವುದು ರೂಢಿ. (ಬ್ಲೀಚಿಂಗ್ ಪುಡಿ ಹಾಕಿದ ಕಂಡಿಗೆ ಆಸಿಡ್ ಸುರಿದರೆ ಕ್ಲೋರೀನ್ ಅನಿಲವೇಳುವುದೆಂಬುದನ್ನು ಮನೆಯವರೆಲ್ಲರೂ ತಿಳಿದಿರತಕ್ಕದ್ದು, ಕದ ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.) ಆ ಆಸಿಡ್ಡು ಸುಣ್ಣದ ಗಸಿಯನ್ನು ಸಡಿಲಿಸುವುದೇ ಹೊರತು ಕೂದಲನ್ನು ಕರಗಿಸುವಂಥದಲ್ಲ. ಸಡಿಲಾದ ಮುದ್ದೆಯು ಎರಡು ಬಕೆಟ್ಟು ನೀರಿನ ರಭಸಕ್ಕೆ ಮುಂದೆ ಜಾರುತ್ತದೆ. ಗೃಹಸ್ಥನು ಕೈ ತೊಳೆದುಕೊಳ್ಳುತ್ತಾನೆ.

ಇಲ್ಲಿ ಎರಡು ಕ್ರಿಯೆಗಳು ಒಂದೇ ಹೆಸರಿನಲ್ಲಿ ಅಡಗಿವೆ. ಕಟ್ಟನ್ನು ತೆಗೆಯುವುದು ಒಂದು, ತಳ್ಳುವುದು ಇನ್ನೊಂದು. ಬಚ್ಚಲಿನಲ್ಲಿ ನಿಂತು ನೋಡುವವನಿಗೆ ಎರಡರ ಫಲವೂ ಸಮಾನ: ನೀರು ಇಳಿಯಿತು. ಆದರೆ ತಳ್ಳಿದ ವಸ್ತುವು ಇಲ್ಲವಾಗಲಿಲ್ಲ. ಬೀದಿಯ ಮ್ಯಾನ್‌ಹೋಲಿನ ತಿರುವಿನಲ್ಲಿ ಮತ್ತೊಬ್ಬರ ಮುದ್ದೆಯೊಡನೆ ಸೇರಿ ಕಾಯುತ್ತಿದೆ. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ತರುವ ನಗರವಿದು. ಬರುವ ನೀರಿನ ದಾರಿಯನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಹೋಗುವ ನೀರಿನ ದಾರಿಯನ್ನು ಹಿರಿಯರೂ ಹೇಳಲಾರರು.

ಈ ಮರೆವು ಸಾಧ್ಯವಾಗಿರುವುದು ದೂರದಿಂದ. ದೂರವನ್ನು ತೆಗೆದುಹಾಕಿದರೆ ಏನಾದೀತೆಂಬುದಕ್ಕೆ ಒಂದು ನಿದರ್ಶನವು ಈಚಿನ ವಿಹಾರಸಾಧನದಲ್ಲಿ ದೊರೆಯುತ್ತದೆ. ಮಂಚ, ಒಲೆ, ಸ್ನಾನದ ಮೂಲೆಗಳನ್ನೊಳಗೊಂಡು ಚಲಿಸುವ ಮನೆಯಂತಿರುವ ಕ್ಯಾರವಾನ್ ವಾಹನಗಳಲ್ಲಿ ಮೈ ತೊಳೆದ ನೀರು ಬೀದಿಯ ಚರಂಡಿಗೆ ಹೋಗುವುದಿಲ್ಲ. ನೆಲದಡಿಯಲ್ಲಿರುವ ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ಕಮ್ಮನಹಳ್ಳಿಯ ಕುಟುಂಬವೊಂದು ಅಂತಹ ವಾಹನದಲ್ಲಿ ಮಲೆನಾಡಿನ ಕಡೆಗೆ ಹೊರಟಿತೆಂದೂ, ಎರಡನೆಯ ದಿನ ಸ್ನಾನದ ನೀರು ಪಾದದ ಬಳಿ ನಿಂತಿತೆಂದೂ ಭಾವಿಸಬಹುದು. ಕರೆಯಲು ಅಲ್ಲಿ ಕೊಳಾಯಿಯವನಿಲ್ಲ. ಮೊದಲು ತೊಟ್ಟಿಯೇ ತುಂಬಿದೆಯೋ ಎಂದು ನೋಡತಕ್ಕದ್ದು, ಏಕೆಂದರೆ ತುಂಬಿದ ತೊಟ್ಟಿಯ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಸ್ನಾನದ ಕಂಡಿಯಲ್ಲಿಯೇ ಮೊದಲು ಮೇಲೇಳುತ್ತದೆ. ತೊಟ್ಟಿ ತುಂಬಿರದಿದ್ದರೆ ಕಟ್ಟು ಕೊಳವೆಯಲ್ಲಿಯೇ ಇದೆಯೆಂದು ತಿಳಿಯತಕ್ಕದ್ದು. ಅಲ್ಲಿಯ ಕೊಳವೆಗಳೂ ರಬ್ಬರಿನ ಬಿಗಿಗಳೂ ಕಟುವಾದ ದ್ರಾವಣಗಳನ್ನು ತಾಳವಾದುದರಿಂದ ಸೀಸೆಯ ಉಪಾಯ ನಡೆಯದು. ಉಳಿಯುವುದು ಒಂದೇ: ಜಾಲರಿಯ ತಿರುಪನ್ನು ಬಿಚ್ಚಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ ತಂತಿಯನ್ನೋ ಹಲ್ಲುಗಳುಳ್ಳ ಪ್ಲಾಸ್ಟಿಕ್ ಪಟ್ಟಿಯನ್ನೋ ಇಳಿಸಿ, ತಿರುವಿ, ಮೆಲ್ಲನೆ ಮೇಲಕ್ಕೆಳೆಯುವುದು. ತಳ್ಳಿದರೆ ಅದು ಹೋಗುವುದು ಮಲಗುವ ಮಂಚದಿಂದ ನಾಲ್ಕು ಅಡಿ ಕೆಳಕ್ಕೆ. ಆ ತೊಟ್ಟಿಯನ್ನು ಬರಿದು ಮಾಡತಕ್ಕವನೂ ಅವನೇ.

ಹಾಗೆಂದು ಸಾಮೀಪ್ಯವೇ ವಿವೇಕವನ್ನು ಕಲಿಸುವುದೆಂದು ಹೇಳಲಾಗದು. ಕತ್ತಲಾದ ಮೇಲೆ ರಸ್ತೆಯ ಬದಿಯ ಹಳ್ಳಕ್ಕೆ ತೊಟ್ಟಿಯ ಕೀಲನ್ನು ತಿರುಗಿಸಿ ಮುಂದೆ ಸಾಗುವ ಮಾರ್ಗವೂ ಅವನ ಮುಂದಿದೆ. ದೂರವಿಲ್ಲದ ಕಡೆ ಮನುಷ್ಯನು ದೂರವನ್ನು ಸೃಷ್ಟಿಸಿಕೊಳ್ಳಬಲ್ಲನು.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಅದು ಅಲ್ಪವಾದುದಲ್ಲ. ಉಪಾಧ್ಯಾಯನು ಪಾಠ ಹೇಳುತ್ತಾನೆ, ಕೊಳಾಯಿಯವನು ಕೊಳಾಯಿ ನೋಡುತ್ತಾನೆ. ಒಬ್ಬನ ವಿದ್ಯೆಯನ್ನು ಮತ್ತೊಬ್ಬನು ಹಣ ಕೊಟ್ಟು ಪಡೆಯುವುದರಲ್ಲಿ ಅಧರ್ಮವೇನು? ಅಧರ್ಮವಿಲ್ಲ. ಇಳಿಗೊಳವೆ ಒಡೆದರೆ, ಇಳಿಜಾರು ತಪ್ಪಿದ್ದರೆ, ಬಲ್ಲವನನ್ನೇ ಕರೆಯತಕ್ಕದ್ದು. ಆದರೆ ತನ್ನ ತಲೆಯ ಕೂದಲನ್ನು ಮೊಳದುದ್ದದ ಕಂಡಿಯಿಂದ ಎತ್ತುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ. ಅಲ್ಲಿ ಹಣ ಕೊಟ್ಟು ಕೊಳ್ಳುವುದು ನೈಪುಣ್ಯವನ್ನಲ್ಲ. ಮತ್ತೊಬ್ಬನು ಅಸಹ್ಯಪಡದಿರುವುದನ್ನು, ಅಥವಾ ಅಸಹ್ಯಪಟ್ಟರೂ ಆಡಲಾರದಿರುವುದನ್ನು. ತಲೆಯ ಮೇಲಿದ್ದಾಗ ಹೂ ಮುಡಿದ ಕೂದಲು ಕಂಡಿಗಿಳಿದೊಡನೆ ಮುಟ್ಟಬಾರದ್ದಾಯಿತು. ಅಷ್ಟರಲ್ಲಿ ಬದಲಾದದ್ದು ಸ್ಥಳ ಮಾತ್ರ.

ಈ ಅಸಹ್ಯವನ್ನು ಒಂದು ವರ್ಗದ ಜನರ ಪಾಲಿಗೆ ಹೊರಿಸಿದ ಚರಿತ್ರೆ ಕರ್ನಾಟಕದಲ್ಲಿ ದೀರ್ಘವಾದುದು. ಪ್ಲೇಗು ಬಂದ 1898ರ ಕಾಲದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳನ್ನು ಬಿಟ್ಟರು. ಆರೋಗ್ಯದೃಷ್ಟಿಯಿಂದ ಅದು ಜಾಣತನವೇ. ಆದರೂ ಮಲವನ್ನು ಹೊರುವವನು ಮುಂಬಾಗಿಲಿಗೆ ಕಾಣದೆ ಬಂದುಹೋಗಲೆಂಬ ಅನುಕೂಲವೂ ಅದರಲ್ಲಿ ಸೇರಿತ್ತು. ಮಲಹೊರುವ ಪದ್ಧತಿಯನ್ನು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾನೂನುಗಳು 1993ರಲ್ಲಿಯೂ 2013ರಲ್ಲಿಯೂ ಬಂದವು. ಹೀಗಿದ್ದರೂ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮಾಜದವರು ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡು ಪ್ರತಿಭಟಿಸಿದರು. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಆಜ್ಞಾಪಿಸಿದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ನಿಷೇಧವು ಪೂರ್ಣವಾಗಿ ಫಲಿಸಿದ್ದರೆ ಮೊತ್ತವನ್ನು ಏರಿಸುವ ಪ್ರಸಂಗವೇ ಒದಗುತ್ತಿರಲಿಲ್ಲ.

ಬಚ್ಚಲ ಕೂದಲಿಗೂ ಆ ಮರಣಗಳಿಗೂ ನೇರವಾದ ಸಂಬಂಧ ಕಲ್ಪಿಸುವುದು ಅತಿಶಯೋಕ್ತಿಯಾದೀತು. ಒಂದು ಮನೆಯ ಮುದ್ದೆಯಿಂದ ಬೀದಿಯ ಚರಂಡಿ ಕಟ್ಟದು. ಆದರೆ ಬೀದಿಯ ಚರಂಡಿಯಲ್ಲಿರುವುದು ಮನೆಮನೆಯಿಂದ ತಳ್ಳಲ್ಪಟ್ಟದ್ದೇ ಹೊರತು ಬೇರೆಲ್ಲಿಂದಲೋ ಬಂದುದಲ್ಲ. 1901ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧಿಯವರು ತಾವೇ ಪೊರಕೆ ಹಿಡಿದು ಪಾಯಖಾನೆಯನ್ನು ತೊಳೆದ ಸಂಗತಿ ವಾಚಕರಿಗೆ ವಿದಿತವೇ ಇದೆ. ಅದನ್ನು ಸ್ಮರಿಸಿ, ವರ್ಷಕ್ಕೊಮ್ಮೆ ಪೊರಕೆ ಹಿಡಿದು ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಲಭ. ಶನಿವಾರ ಸಂಜೆ ಯಾರೂ ನೋಡದಿರುವಾಗ ಜಾಲರಿಯನ್ನೆತ್ತುವುದು ಅಷ್ಟು ಸುಲಭವಲ್ಲ. ವಿದ್ಯಾವಂತರ ಮನೆಗಳಲ್ಲಿಯೂ ಆ ಕೆಲಸ ಸೊಸೆಯ ಪಾಲಿಗೋ, ಮನೆಗೆಲಸದಾಕೆಯ ಪಾಲಿಗೋ ಮಾತಿಲ್ಲದೆ ಸಂದಿರುವುದುಂಟು. ಕೂದಲು ಹೆಂಗಸರದೇ ಹೆಚ್ಚೆಂಬುದು ಗಂಡಸರು ಹೇಳುವ ಕಾರಣ. ಗಡ್ಡ ಬೋಳಿಸಿದ ನೊರೆ ಎಲ್ಲಿ ಇಳಿಯುವುದೆಂದು ಅವರನ್ನು ಕೇಳಿದವರಿಲ್ಲ.

ತೆಗೆದದ್ದೇನಾಯಿತು ಎಂಬುದೊಂದು ಉಳಿಯಿತು. ಕಾಗದದಲ್ಲಿ ಸುತ್ತಿ, ಹಸಿಯ ಕಸದೊಡನೆ ಬೆರೆಸದೆ, ಬೇರೆಯಾಗಿ ಕಟ್ಟಿ ಗುರುತು ಹಾಕಿ ಇಡತಕ್ಕದ್ದು. ಬೆಳಗ್ಗೆ ಕಮ್ಮನಹಳ್ಳಿಯ ಅಡ್ಡರಸ್ತೆಗೆ ಕಸದ ಗಾಡಿ ಬರುತ್ತದೆ. ಬೆರೆತ ಕಸವನ್ನು ಗಾಡಿಯ ಬಳಿ ನಿಂತವರು ಕೈಯಿಂದಲೇ ಬೇರ್ಪಡಿಸಬೇಕಾಗುತ್ತದೆ. ಅವರ ಕೈಗವಸು ಎಷ್ಟೋ ವೇಳೆ ಹರಿದಿರುತ್ತದೆ.