ಹೆಸರಿನ ಹೊಸ್ತಿಲು

ಮು. ಪೋ. ಕರಜಗಿ, ತಾ. ಅಫಜಲಪುರ, ಜಿ. ಕಲಬುರಗಿ. ಭೀಮೆಯ ಸೀಮೆಯ ಕರಿಮಣ್ಣಿನಲ್ಲಿ ತೊಗರಿ ಹೂಬಿಟ್ಟು ಹೊಲವೆಲ್ಲ ಹಳದಿಯಾಗುವ ದಿನಗಳಲ್ಲೂ, ಅದೇ ನೆಲ ಬಿಸಿಲಿಗೆ ಬಾಯ್ದೆರೆದು ಬಿರುಕು ಬಿಡುವ ದಿನಗಳಲ್ಲೂ, ಇಲ್ಲಿನ ಮಂದಿ ಕಾಗದದ ಮೇಲೆ ತಮ್ಮ ಇರವನ್ನು ಹೀಗೆಯೇ ಬರೆಯುತ್ತ ಬಂದಿದ್ದಾರೆ: ಮೊದಲು ಹೆಸರು, ಆಮೇಲೆ ಊರು, ತಾಲೂಕು, ಜಿಲ್ಲೆ. ಒಬ್ಬ ಮನುಷ್ಯನಿಂದ ಹೊರಟ ಸಾಲು ಹಿಗ್ಗುತ್ತ ಹಿಗ್ಗುತ್ತ ಒಂದು ನಾಡನ್ನೇ ತಬ್ಬಿಕೊಳ್ಳುತ್ತದೆ. ಹಾವೇರಿಯ ಕಡೆಗೂ ರೈಲುನಿಲ್ದಾಣವಿರುವ ಒಂದು ಕರಜಗಿ ಇದೆ. ಹಾಗಾಗಿ ಆ ‘ತಾ. ಅಫಜಲಪುರ’ ಎಂಬ ಪುಟ್ಟ ತುಣುಕಿನ ಮೇಲೆಯೇ ಎಷ್ಟೋ ತಾಯಂದಿರ ಪತ್ರಗಳು ನೆಚ್ಚಿಕೊಂಡು ಪಯಣಿಸಿವೆ.

1971ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು, ಲೆಕ್ಕದ ಪುಸ್ತಕಗಳಲ್ಲಿ ದರ ಬರೆಯಲು ಬಳಕೆಯಾಗುತ್ತಿದ್ದ @ ಚಿಹ್ನೆಯನ್ನು ಎತ್ತಿಕೊಂಡು ಒಂದು ಹೆಸರಿಗೂ ಒಂದು ಯಂತ್ರಕ್ಕೂ ನಡುವೆ ಇಟ್ಟರು. ಎಡಕ್ಕೆ ಮನುಷ್ಯ, ಬಲಕ್ಕೆ ಅವನು ಸಿಗುವ ಠಾವು. ಮುಂದೆ ಆ ಠಾವಿನೊಳಗೂ ಚುಕ್ಕೆಗಳು ಬಂದವು, ಚುಕ್ಕೆಯಿಂದ ಚುಕ್ಕೆಗೆ ವಿಸ್ತಾರ ಹೆಚ್ಚುತ್ತ ಹೋಯಿತು. ಕರಜಗಿಯ ಲಕೋಟೆಯ ಮೇಲಿದ್ದ ಕ್ರಮವೇ, ಯಾರೂ ಯಾರಿಗೂ ಹೇಳಿಕೊಡದೆ, ಸಮುದ್ರದಾಚೆ ಇನ್ನೊಮ್ಮೆ ಹುಟ್ಟಿತ್ತು.

ಇಂಥ ಇ-ಮೇಲ್ ವಿಳಾಸದ ಸಾಲುಗಳನ್ನು ಓದುವುದಕ್ಕೆಂದೇ ಇರುವ ಒಂದು ಕಿರಿದಾದ ಪ್ರೋಗ್ರಾಮಿನ ಮುಂದೆ ಕೂತಾಗ ನನ್ನ ಮನಸ್ಸು ಮೆಲ್ಲಗೆ ನಿಲ್ಲುತ್ತದೆ. ರ‍್ಯಾಂಡ್ ಸಂಸ್ಥೆಯಲ್ಲಿ 1970ರ ದಶಕದ ಕೊನೆಗೆ ಹುಟ್ಟಿದ ಎಂಎಚ್ ಎಂಬ ಅಂಚೆ ವ್ಯವಸ್ಥೆ, ಅದರ ಮುಂದಿನ ಪೀಳಿಗೆಯಾದ ಎನ್‌ಎಂಎಚ್, ಅದರೊಳಗೆ ‘ಎಪಿ’ ಎಂಬ ಎರಡೇ ಅಕ್ಷರದ ಕಮಾಂಡ್. ಆ ಮನೆತನದಲ್ಲಿ ಪ್ರತಿ ಪತ್ರಕ್ಕೂ ತನ್ನದೇ ಕಡತ, ಪ್ರತಿ ಕೆಲಸಕ್ಕೂ ತನ್ನದೇ ಪ್ರೋಗ್ರಾಮು. ಪತ್ರ ಬರೆಯುವುದು ಒಂದು, ಉತ್ತರಿಸುವುದು ಇನ್ನೊಂದು, ವಿಳಾಸ ಓದುವುದು ಇದು. ಕಪ್ಪು ಪರದೆಯ ಮೇಲೆ ಒಂದು ವಿಳಾಸವನ್ನು ಅದರ ಕೈಗಿಡಬೇಕು, ಅದು ಓದಿ, ಶಾಸ್ತ್ರೋಕ್ತ ರೂಪದಲ್ಲಿ ಮತ್ತೆ ಬರೆದುಕೊಡುತ್ತದೆ. ಓದಲಾಗದಿದ್ದರೆ ತಪ್ಪಿದೆ ಎಂದಷ್ಟು ಹೇಳಿ, ಕೊಟ್ಟ ಸಾಲನ್ನು ಕೊಟ್ಟಂತೆಯೇ ಮರಳಿ ಇಡುತ್ತದೆ.

ಮೇಲುನೋಟಕ್ಕೆ ಇಷ್ಟೇ. ಆದರೆ 1982ರಲ್ಲಿ ಡೇವಿಡ್ ಕ್ರಾಕರ್ ಬರೆದ ಆರ್‌ಎಫ್‌ಸಿ 822 ಎಂಬ ನಿಯಮಪತ್ರವನ್ನು ನಿಧಾನವಾಗಿ ಓದುತ್ತ ಹೋದರೆ, ವಿಳಾಸವೆಂಬ ಆ ಒಂದೇ ಸಾಲಿನೊಳಗೆ ಮನುಷ್ಯರ ಮಾತಿನ ಎಷ್ಟೆಲ್ಲ ಸಡಿಲಿಕೆಗೆ, ಎಷ್ಟೆಲ್ಲ ಬಳುಕಿಗೆ ಜಾಗ ಬಿಟ್ಟಿದ್ದಾರೆ ಎಂದು ತಿಳಿದು ಬೆರಗಾಗುತ್ತದೆ. ಪದಗಳ ನಡುವೆ ತೆರಪು ಬಿಡಬಹುದು, ಸಾಲು ಮುರಿದು ಕೆಳಗಿಳಿಯಬಹುದು, ಆವರಣ ತೆರೆದು ಟಿಪ್ಪಣಿ ಬರೆಯಬಹುದು, ಆ ಟಿಪ್ಪಣಿಯೊಳಗೆ ಮತ್ತೊಂದು ಟಿಪ್ಪಣಿ, ಅದರೊಳಗೆ ಮಗದೊಂದು. ಓದುವ ಪ್ರೋಗ್ರಾಮು ತಾನು ಎಷ್ಟು ಬಾಗಿಲು ತೆರೆದು ಒಳಗೆ ಬಂದೆನೆಂಬುದನ್ನು ನೆನಪಿಟ್ಟುಕೊಂಡು ಒಂದೊಂದನ್ನೂ ಮುಚ್ಚುತ್ತ ಹೊರಬರಬೇಕು. ಗುಂಪಿಗೊಂದು ಹೆಸರಿಟ್ಟು, ಅದರೊಳಗೆ ಯಾರನ್ನೂ ಸೇರಿಸದೆ ಬಿಡುವುದಕ್ಕೂ ಅವಕಾಶವಿದೆ. ಯಾರೂ ಇಲ್ಲದ ಕೂಟಕ್ಕೂ ವಿಳಾಸವಿದೆ ಎಂಬುದನ್ನು ಓದಿದಾಗ, ವ್ಯಾಕರಣದ ಪುಟದಲ್ಲಿ ಶೂನ್ಯದ ತಂಗಾಳಿಯೊಂದು ಸುಳಿದು ಹೋಯಿತು.

ಇದೆಲ್ಲಕ್ಕಿಂತ ನನ್ನನ್ನು ಕಟ್ಟಿಹಾಕುವುದು @ ಚಿಹ್ನೆಯ ಎಡಬದಿ. ಅಲ್ಲಿರುವ ಹೆಸರಿಗೆ ಅರ್ಥ ಹಚ್ಚುವ ಹಕ್ಕು ಪತ್ರ ತಲುಪಬೇಕಾದ ಆ ಕೊನೆಯ ಯಂತ್ರಕ್ಕೆ ಮಾತ್ರ ಎಂದು ನಿಯಮ ಹೇಳುತ್ತದೆ. ದಾರಿಯಲ್ಲಿ ಎಷ್ಟೇ ಯಂತ್ರಗಳು ಪತ್ರವನ್ನು ಕೈಯಿಂದ ಕೈಗೆ ದಾಟಿಸಲಿ, ಅವು ಹೆಸರನ್ನು ತಿದ್ದಬಾರದು, ಊಹಿಸಬಾರದು, ದೊಡ್ಡಕ್ಷರವನ್ನು ಸಣ್ಣದೂ ಮಾಡಬಾರದು; ಬಲಬದಿಯನ್ನಷ್ಟೇ ನೋಡಿ ಮುಂದಕ್ಕೆ ಕಳಿಸಬೇಕು. ಕಲಬುರಗಿಯಲ್ಲಿ ಟಪಾಲು ವಿಂಗಡಿಸುವವರು ಊರ ಹೆಸರು ನೋಡಿ ಚೀಲಕ್ಕೆ ಹಾಕುತ್ತಾರೆ, ಆ ಹೆಸರಿನ ಮನುಷ್ಯ ಯಾವ ಓಣಿಯವನು, ಯಾರ ಮಗ ಎಂದು ತಿಳಿಯುವುದು ಕರಜಗಿಯ ಪೋಸ್ಟ್‌ಮ್ಯಾನ್‌ಗೆ ಮಾತ್ರ, ಹಾಗೆ. ‘ಎಪಿ’ ಕೂಡ ಆ ಹೊಸ್ತಿಲಲ್ಲೇ ನಿಲ್ಲುತ್ತದೆ. ಇದು ಹೆಸರು, ಇದು ಠಾವು ಎಂದು ಬಿಡಿಸಿ ತೋರಿಸುತ್ತದೆ. ಆ ಹೆಸರಿನವರು ಇದ್ದಾರೋ ಇಲ್ಲವೋ, ಯಾರವರು, ಎಂಥವರು ಎಂದು ಕೇಳುವುದಿಲ್ಲ. ಹೆಸರಿನ ಗರ್ಭಗುಡಿಗೆ ಹೊರಗಿನವರು ಕಾಲಿಡದ ಈ ಸಂಯಮವನ್ನು ಯಂತ್ರಗಳ ಲೋಕದಲ್ಲಿ ಕಂಡಾಗ ಕೈ ತಾನೇ ಜೋಡಿಸಿಕೊಳ್ಳುತ್ತದೆ.

ನಮ್ಮ ಲಿಪಿಯ ಪಯಣ ಇನ್ನೂ ವಿಸ್ಮಯದ್ದು. ಅಂಚೆಯ ತಲೆಸಾಲುಗಳು ಇಂಗ್ಲಿಷಿನ ಅಕ್ಷರಗಳನ್ನಷ್ಟೇ ಹೊರುತ್ತಿದ್ದ ಕಾಲದಲ್ಲಿ, 1996ರ ಆರ್‌ಎಫ್‌ಸಿ 2047 ಇತರ ಲಿಪಿಯ ಹೆಸರುಗಳಿಗೆ ವೇಷ ತೊಡಿಸಿ ಕಳಿಸುವ ದಾರಿ ತೋರಿತು. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಬೇಸ್-64 ವೇಷದಲ್ಲಿ ಆ 3 ಬೈಟ್ ಸರಿಯಾಗಿ 4 ಅಕ್ಷರವಾಗುತ್ತದೆ, ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕರಜಗಿಯನ್ನು ಹೀಗೆ ಬಿಡಿಸಿ ನೋಡಿ. ಕ, ರ, ಜ, ಗ, ಕೊನೆಗೆ ಗುಡಿಸು, ಐದೂ ‘4-ಎಲ್-ಕೆ’ ಎಂದೇ ಶುರುವಾಗುತ್ತವೆ. ಆಮೇಲೆ ಕಕಾರಕ್ಕೆ ದೊಡ್ಡ ‘ವಿ’, ರಕಾರಕ್ಕೆ ಸಣ್ಣ ‘ಡಬ್ಲ್ಯೂ’, ಜಕಾರಕ್ಕೆ ಸಣ್ಣ ‘ಸಿ’, ಗಕಾರಕ್ಕೆ ದೊಡ್ಡ ‘ಎಕ್ಸ್’. ಗಕಾರದ ನೆತ್ತಿಯ ಮೇಲೆ ಬಾಗಿ ಕೂತಿದ್ದ ಗುಡಿಸು ಇಳಿದು ಬಂದು ಒಂದು ಓರೆಗೆರೆಯಾಗಿ ನಿಲ್ಲುತ್ತದೆ. ಕಕಾರದಿಂದ ಳಕಾರದವರೆಗಿನ ನಮ್ಮ ವ್ಯಂಜನಗಳೆಲ್ಲ ಈ ಒಂದೇ ಹಣೆಗುರುತು ಹೊತ್ತು ತಂತಿಗಳಲ್ಲಿ ಹರಿಯುತ್ತವೆ, ತಲುಪಿದಲ್ಲಿ ವೇಷ ಕಳಚಿ ಮತ್ತೆ ಕನ್ನಡವಾಗಿ ದುಂಡಗೆ ಅರಳುತ್ತವೆ.

ಈಗ ಆ ವೇಷವೂ ಕಡ್ಡಾಯವಲ್ಲ. 2012ರ ಆರ್‌ಎಫ್‌ಸಿ 6531 ಬಂದ ಮೇಲೆ, ಅದನ್ನು ಒಪ್ಪುವ ಯಂತ್ರಗಳ ನಡುವೆ @ ಚಿಹ್ನೆಯ ಎಡಕ್ಕೆ ಕನ್ನಡದ ಅಕ್ಷರಗಳನ್ನೇ ನೇರವಾಗಿ ಬರೆಯಬಹುದು. ಬಲಕ್ಕೆ ಕನ್ನಡ ಲಿಪಿಯದೇ ಆದ ‘.ಭಾರತ’ ಇದೆ. ಎಡಬದಿಗೆ 64 ಬೈಟಿನ ಮಿತಿ, ಅದರಲ್ಲಿ ಕನ್ನಡದ 21 ಚಿಹ್ನೆಗಳು ಹಿಡಿಯುತ್ತವೆ; ಕರಜಗಿಗೆ ಬೇಕಾದದ್ದು 5. ಇಂಥ ವಿಳಾಸ ನಿಯಮಕ್ಕೆ ಒಪ್ಪಿದ್ದು, ಪೂರ್ತಿ ಸರಿಯಾದದ್ದು. ಇದನ್ನು ತಪ್ಪೆಂದು ತಳ್ಳುವ ಅರ್ಜಿನಮೂನೆ ನಿಮಗೆ ಎದುರಾದರೆ ಸುಮ್ಮನೆ ಇಂಗ್ಲಿಷಿಗೆ ಮರಳಬೇಡಿ, ಅದನ್ನು ಮಾಡಿದವರಿಗೆ ಒಂದು ಪತ್ರ ಬರೆಯಿರಿ.